ನುಡಿಯ ಚೌಕಟ್ಟು

ಸುಮಾರು 1805ರ ವೇಳೆಗೆ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರನು ಮೈಸೂರಿನಲ್ಲಿ ಮೂವರು ಸ್ತ್ರೀಯರ ವರ್ಣಚಿತ್ರವೊಂದನ್ನು ಬರೆದನು. ಬಹುಕಾಲದವರೆಗೆ ಅದನ್ನು ನೋಡಿದವರು ಅವರು ಆಸ್ಥಾನದ ನರ್ತಕಿಯರೆಂದೇ ಭಾವಿಸಿದ್ದರು. ಮುಂದೆ ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ಅದೇ ಚಿತ್ರಕ್ಕೆ ಬೇರೆಯೇ ಅರ್ಥವನ್ನು ಕಂಡರು. ಅವರ ಪ್ರಕಾರ ಆ ಸ್ತ್ರೀಯರು ಮೈಸೂರು ಅರಮನೆಯವರು. ಅವರಲ್ಲಿ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವ ತರುಣಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಅವಳು ತೋರುತ್ತಿರುವುದು ಆಭರಣವನ್ನಲ್ಲ, ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡ ಜಾಗವನ್ನು. 1802ರಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿಗೆ ಮೊದಲಬಾರಿಗೆ ಹಾಕಲಾದ ಆ ಲಸಿಕೆಯು ಜನರಿಗೆ ಇನ್ನೂ ಅಪರಿಚಿತವಾಗಿದ್ದ ಕಾಲವದು. ಅರಮನೆಯ ಹೆಣ್ಣುಮಕ್ಕಳೇ ಹಾಕಿಸಿಕೊಂಡಿದ್ದಾರೆಂದು ಪ್ರಜೆಗಳಿಗೆ ತಿಳಿದರೆ ಅಂಜಿಕೆ ಹೋದೀತು ಎಂಬುದು ಚಿತ್ರದ ಉದ್ದೇಶವೆಂದು ಅವರು ಹೇಳುತ್ತಾರೆ.

ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಬದಲಾದದ್ದು ಅದರ ಕೆಳಗೆ ಬರೆಯುವ ಮಾತು ಮಾತ್ರ. ಒಂದು ಮಾತಿನಿಂದ ನರ್ತಕಿಯರಾಗಿದ್ದವರು ಇನ್ನೊಂದು ಮಾತಿನಿಂದ ಪ್ರಜೆಗಳ ಪ್ರಾಣರಕ್ಷಣೆಗೆ ಮುಂದಾದ ರಾಣಿಯರಾದರು. ಚಿತ್ರಕ್ಕೆ ಚೌಕಟ್ಟು ಇರುವಂತೆ ಸಂಗತಿಗೂ ನುಡಿಯ ಚೌಕಟ್ಟು ಇರುತ್ತದೆ. ಜನರು ಸಂಗತಿಯನ್ನು ನೇರವಾಗಿ ನೋಡುವುದು ಅಪರೂಪ. ಹೇಳಿದವರು ಹಾಕಿದ ಚೌಕಟ್ಟಿನೊಳಗಿಂದಲೇ ನೋಡುತ್ತಾರೆ. ರೋಗ, ಲಸಿಕೆ ಮತ್ತು ಭೇದಭಾವ ಈ ಮೂರೂ ಒಂದೆಡೆ ಸೇರಿದಾಗ ಆ ಚೌಕಟ್ಟು ಜೀವವನ್ನು ಉಳಿಸಲೂಬಹುದು, ನೆರೆಯವನನ್ನು ವೈರಿಯಾಗಿಸಲೂಬಹುದು.

ನುಡಿಯ ಹೊಣೆಯನ್ನು ಕುರಿತು ಬಸವಣ್ಣನವರು ಹೇಳಿದ ವಚನವು ಭಕ್ತರೆಲ್ಲರ ನಾಲಿಗೆಯ ಮೇಲಿದೆ. ಅದನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಮಾತಿಗೆ ಬೆಡಗಿದ್ದರೆ ಸಾಲದು, ಆಡುವವನ ನಡೆಯೂ ಅದರೊಳಗಿರಬೇಕು ಎಂಬುದು ಅದರ ಸಾರ. ಆ ವಚನವನ್ನು ಸಾಮಾನ್ಯವಾಗಿ ಮಧುರವಾಗಿ ಮಾತಾಡಬೇಕೆಂಬ ಉಪದೇಶವಾಗಿ ಮಾತ್ರ ಓದಲಾಗುತ್ತದೆ. ಆದರೆ ಮಧುರವಾದ ಮಾತೂ ಸುಳ್ಳಾಗಿರಬಹುದು, ನಿಜವಾದ ಮಾತೂ ಅರ್ಧವಾಗಿರಬಹುದು. ನುಡಿಯ ಶುದ್ಧಿಯೆಂದರೆ ದನಿಯ ಇಂಪಷ್ಟೇ ಅಲ್ಲ, ಸಂಗತಿಯನ್ನು ಪೂರ್ಣವಾಗಿ ಇಡುವ ಪ್ರಾಮಾಣಿಕತೆಯೂ ಹೌದು.

ಒಂದೇ ಸಂಗತಿಯನ್ನು ಎರಡು ಬಗೆಯಾಗಿ ಇಟ್ಟರೆ ಬುದ್ಧಿವಂತರೂ ಹೇಗೆ ಎರಡು ಬಗೆಯಾಗಿ ತೀರ್ಮಾನಿಸುತ್ತಾರೆ ಎಂಬುದನ್ನು ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ ಎಂಬ ಮನಶ್ಶಾಸ್ತ್ರಜ್ಞರು 1981ರಲ್ಲಿ ತೋರಿಸಿದರು. ಅವರು ಮುಂದಿಟ್ಟ ಪ್ರಶ್ನೆಯೂ ರೋಗವನ್ನು ಕುರಿತದ್ದೇ. ಒಂದು ಬೇನೆಯಿಂದ 600 ಜನರು ಸಾಯುವ ಸಂಭವವಿದೆ. ಮೊದಲನೆಯ ಉಪಾಯದಿಂದ 200 ಜನರು ಖಂಡಿತವಾಗಿ ಉಳಿಯುತ್ತಾರೆ. ಎರಡನೆಯ ಉಪಾಯದಿಂದ 600 ಜನರೂ ಉಳಿಯುವ ಸಂಭವ ಮೂರರಲ್ಲಿ ಒಂದು ಪಾಲು, ಒಬ್ಬರೂ ಉಳಿಯದಿರುವ ಸಂಭವ ಎರಡು ಪಾಲು. ಹೀಗೆ ಕೇಳಿದಾಗ ನೂರಕ್ಕೆ 72 ಜನರು ಮೊದಲನೆಯದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಅದೇ ಲೆಕ್ಕವನ್ನು ತಿರುಗಿಸಿ ಹೇಳಲಾಯಿತು: ಮೊದಲನೆಯ ಉಪಾಯದಿಂದ 400 ಜನರು ಸಾಯುತ್ತಾರೆ, ಎರಡನೆಯದರಿಂದ ಒಬ್ಬರೂ ಸಾಯದಿರುವ ಸಂಭವ ಒಂದು ಪಾಲು, 600 ಜನರೂ ಸಾಯುವ ಸಂಭವ ಎರಡು ಪಾಲು. ಆಗ ನೂರಕ್ಕೆ 78 ಜನರು ಎರಡನೆಯದನ್ನು ಆರಿಸಿದರು. 200 ಜನರು ಉಳಿಯುವುದೂ 400 ಜನರು ಸಾಯುವುದೂ ಒಂದೇ ಲೆಕ್ಕ. ಆದರೆ 'ಉಳಿಯುತ್ತಾರೆ' ಎಂಬ ಮಾತು ಮನಸ್ಸನ್ನು ಒಂದು ಕಡೆಗೂ 'ಸಾಯುತ್ತಾರೆ' ಎಂಬ ಮಾತು ಇನ್ನೊಂದು ಕಡೆಗೂ ಎಳೆಯಿತು.

ಇದರ ಪರಿಣಾಮವನ್ನು ತಿಳಿಯಲು ಒಂದು ಊರನ್ನು ಕಲ್ಪಿಸಿಕೊಳ್ಳಬಹುದು. ಊರಿನಲ್ಲಿ 1000 ಜನರಿದ್ದಾರೆ. ಅವರಲ್ಲಿ 950 ಜನರು ಲಸಿಕೆ ಹಾಕಿಸಿಕೊಂಡವರು, 50 ಜನರು ಹಾಕಿಸಿಕೊಳ್ಳದವರು. ಬೇನೆ ಬಂದಿತು. ಹಾಕಿಸಿಕೊಂಡವರಲ್ಲಿ 19 ಜನರೂ ಹಾಕಿಸಿಕೊಳ್ಳದವರಲ್ಲಿ 10 ಜನರೂ ಹಾಸಿಗೆ ಹಿಡಿದರು. ಈಗ ಒಬ್ಬನು, 'ರೋಗಿಗಳಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರೇ' ಎಂದು ಊರೆಲ್ಲ ಹೇಳಿಕೊಂಡು ಬರಬಹುದು. ಅವನು ಹೇಳಿದ್ದು ಸುಳ್ಳಲ್ಲ. 29 ರೋಗಿಗಳಲ್ಲಿ 19 ಜನರು ಹಾಕಿಸಿಕೊಂಡವರೇ. ಆದರೆ ಹಾಕಿಸಿಕೊಂಡವರಲ್ಲಿ ಬೇನೆ ಬಿದ್ದವರು ನೂರಕ್ಕೆ 2, ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 20. ಈ ಎರಡನೆಯ ಮಾತನ್ನು ನುಂಗಿ ಮೊದಲನೆಯದನ್ನು ಮಾತ್ರ ಹೇಳಿದವನು ಅಂಕಿಯಲ್ಲಿ ತಪ್ಪು ಮಾಡಲಿಲ್ಲ, ನುಡಿಯಲ್ಲಿ ತಪ್ಪು ಮಾಡಿದನು. ಅವನ ಮಾತನ್ನು ನಂಬಿ ಮಗುವಿಗೆ ಲಸಿಕೆ ಹಾಕಿಸದ ತಾಯಿಗೆ ಆ ತಪ್ಪಿನ ಫಲ ತಟ್ಟುತ್ತದೆ.

ಇದು ಕೇವಲ ಕಲ್ಪನೆಯ ಮಾತಲ್ಲ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನವು ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಸುಮಾರು 3.6 ಕೋಟಿ ಮಕ್ಕಳಿಗೆ ಲಸಿಕೆ ಹಾಕುವ ಉದ್ದೇಶವಿತ್ತು. ಆಗ ವಾಟ್ಸಾಪಿನಲ್ಲಿ ಹರಿದಾಡಿದ ವದಂತಿಗಳಿಂದ ಎಷ್ಟೋ ತಾಯ್ತಂದೆಯರು ಹಿಂಜರಿದರು. ಆ ಸಂದೇಶಗಳನ್ನು ಮುಂದೆ ಕಳುಹಿಸಿದವರಲ್ಲಿ ಹೆಚ್ಚಿನವರು ದುಷ್ಟರಲ್ಲ. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಕಳುಹಿಸಿದವರು. ಪರೀಕ್ಷಿಸದ ಅಕ್ಕರೆಯೂ ಅಪಾಯವನ್ನು ತರಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಒಳ್ಳೆಯ ಕಾರ್ಯಕ್ಕಾಗಿ ಜಾಣತನದ ಚೌಕಟ್ಟನ್ನು ಹಾಕಬಹುದೇ? ಹಿಂದೆ ಕೆಲವರು ಹಾಗೆಯೇ ಎಣಿಸಿದರು. 19ನೆಯ ಶತಮಾನದ ಆರಂಭದಲ್ಲಿ ಲಸಿಕೆಯು ಪರದೇಶದ್ದಲ್ಲ, ಧನ್ವಂತರಿಯ ಹೆಸರಿನ ಪ್ರಾಚೀನ ಗ್ರಂಥದಲ್ಲಿಯೇ ಹೇಳಿದ್ದು ಎಂದು ತೋರಿಸುವ ಸಂಸ್ಕೃತ ವಾಕ್ಯಗಳು ಪ್ರಚಾರಕ್ಕೆ ಬಂದವು. ಜನರನ್ನು ಒಪ್ಪಿಸಲು ಅವನ್ನು ಹೊಸದಾಗಿ ಹೊಸೆಯಲಾಯಿತೆಂದು ವಿದ್ವಾಂಸರು ವಿವೇಚಿಸಿದ್ದಾರೆ. ಉದ್ದೇಶ ಪ್ರಾಣರಕ್ಷಣೆಯದೇ ಇರಬಹುದು. ಆದರೆ ಸುಳ್ಳಿನ ಮೇಲೆ ನಿಂತ ನಂಬಿಕೆಯು ಸುಳ್ಳು ಬಯಲಾದ ದಿನ ಕುಸಿಯುತ್ತದೆ, ಕುಸಿಯುವಾಗ ನಿಜವನ್ನೂ ತನ್ನೊಡನೆ ಕೆಡವುತ್ತದೆ. ರಾಣಿಯು ತೋಳನ್ನು ತೋರುವುದಕ್ಕೂ ಇಲ್ಲದ ಶಾಸ್ತ್ರವನ್ನು ಸೃಷ್ಟಿಸುವುದಕ್ಕೂ ಇರುವ ಅಂತರ ಇದೇ. ತೋಳನ್ನು ತೋರುವವಳು ತಾನು ನಡೆದದ್ದನ್ನು ನುಡಿಯುತ್ತಾಳೆ, ಶಾಸ್ತ್ರವನ್ನು ಹೊಸೆದವನು ನಡೆಯದಿದ್ದುದನ್ನು ನುಡಿಯುತ್ತಾನೆ.

ಲಸಿಕೆಯ ಇತಿಹಾಸದಲ್ಲಿ ಭೇದಭಾವವು ಮೊದಲಿನಿಂದಲೂ ಜೊತೆಗೇ ಬಂದಿದೆ. ಆ ಕಾಲದಲ್ಲಿ ಲಸಿಕೆಯು ಶೀಶೆಯಲ್ಲಿ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಸೇರಿಸುತ್ತಿದ್ದರು. ಹೀಗೆ ತೋಳಿನಿಂದ ತೋಳಿಗೆ ದಾಟುವ ಲಸಿಕೆಗೆ ಮೊದಲ ತೋಳನ್ನು ಕೊಟ್ಟ ಮಕ್ಕಳು ಅನೇಕ ವೇಳೆ ಬಡವರ, ಕೀಳೆಂದು ಕರೆಯಲ್ಪಟ್ಟ ಕುಲದವರ ಮಕ್ಕಳಾಗಿರುತ್ತಿದ್ದರು. ಆ ಮಕ್ಕಳ ತೋಳಿನಿಂದ ಬಂದದ್ದೆಂಬ ಕಾರಣಕ್ಕೆ ಮೇಲುಕುಲದವರೆನಿಸಿಕೊಂಡ ಹಲವರು ಲಸಿಕೆಯನ್ನೇ ಒಲ್ಲೆನೆಂದರು. ಸಿಡುಬು ಮನೆಯ ಬಾಗಿಲಲ್ಲಿ ನಿಂತಿದ್ದರೂ ಮೈಲಿಗೆಯ ಭಯ ಅದಕ್ಕಿಂತ ದೊಡ್ಡದಾಗಿ ಕಂಡಿತು. ರೋಗಕ್ಕೆ ಕುಲವಿರಲಿಲ್ಲ, ಮದ್ದಿಗೂ ಕುಲವಿರಲಿಲ್ಲ. ಕುಲವಿದ್ದುದು ನೋಡುವವರ ಚೌಕಟ್ಟಿನಲ್ಲಿ. ಮುಂದೆ ಲಸಿಕೆಯೇ ಸಿಡುಬನ್ನು ಭೂಮಿಯ ಮೇಲಿಂದ ಅಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 1980ರ ಮೇ ತಿಂಗಳಲ್ಲಿ ಅದನ್ನು ಘೋಷಿಸಿತು. ಸಿಡುಬು ಹೋಯಿತು, ಅದರ ಜೊತೆಗಿದ್ದ ಮೈಲಿಗೆಯ ಭಾವ ಹೋಯಿತೆಂದು ಹೇಳುವಂತಿಲ್ಲ.

ಪೋಲಿಯೊ ನಿರ್ಮೂಲನದ ಕಥೆಯು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. 2002ರಲ್ಲಿ ಭಾರತದಲ್ಲಿ 1600 ಮಕ್ಕಳು ಪೋಲಿಯೊಗೆ ತುತ್ತಾದರು. ಅವರಲ್ಲಿ ಬಹುಪಾಲು ಉತ್ತರ ಪ್ರದೇಶದ ಮಕ್ಕಳು. ಆ ಹನಿಗಳು ಸಂತಾನಶಕ್ತಿಯನ್ನು ಕೆಡಿಸುತ್ತವೆಂಬ ವದಂತಿಯು ಅಲ್ಲಿನ ಕೆಲವು ಮುಸ್ಲಿಂ ಬಡಾವಣೆಗಳಲ್ಲಿ ಹಬ್ಬಿತ್ತು. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಚಿಕಿತ್ಸೆಯನ್ನು ಕಂಡ ಜನರಿಗೆ ಸರ್ಕಾರವು ಮನೆಬಾಗಿಲಿಗೆ ತಂದ ಔಷಧದ ಮೇಲೆ ಸಂಶಯ ಹುಟ್ಟಿದ್ದು ಅಚ್ಚರಿಯಲ್ಲ. ಆದರೆ ಹೊರಗಿನವರು ಅದಕ್ಕೆ ಹಾಕಿದ ಚೌಕಟ್ಟು 'ಆ ಜನರೇ ಹಾಗೆ' ಎಂಬುದಾಗಿತ್ತು. ಸಂಶಯಪಟ್ಟವನಿಗೆ 'ನೀನು ಮೂಢ' ಎಂದರೆ ಅವನ ಸಂಶಯ ಹೋಗುವುದಿಲ್ಲ, ಹಠವಾಗಿ ಗಟ್ಟಿಯಾಗುತ್ತದೆ.

ಪರಿಸ್ಥಿತಿ ಬದಲಾದದ್ದು ನುಡಿಯೂ ನಡೆಯೂ ಒಟ್ಟಿಗೆ ಬದಲಾದಾಗ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ ಮೊದಲಾದ ಸಂಸ್ಥೆಗಳವರೂ ಮಸೀದಿಗಳ ಇಮಾಮರೂ ಕೈಜೋಡಿಸಿದರು. ಅದೇ ಬೀದಿಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಮಾತನಾಡಿದರು. ಉತ್ತರ ಪ್ರದೇಶದ 66 ಮತ್ತು ಬಿಹಾರದ 41, ಒಟ್ಟು 107 ಬ್ಲಾಕುಗಳಲ್ಲಿ ಹನಿಯ ಜೊತೆಗೆ ಶುದ್ಧ ನೀರು, ಶೌಚ, ಅತಿಸಾರದ ಚಿಕಿತ್ಸೆಗಳ ಕಡೆಗೂ ಗಮನ ಕೊಡಲಾಯಿತು. 'ನಿಮ್ಮಿಂದ ದೇಶಕ್ಕೆ ಅಪಾಯ' ಎಂಬ ಮಾತು ಹಿಂದೆ ಸರಿದು 'ನಿಮ್ಮ ಮಗು ಕುಂಟಾಗಬಾರದು' ಎಂಬ ಮಾತು ಮುಂದೆ ಬಂತು. 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡುಬಂದದ್ದೇ ಭಾರತದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ಹೀಗಳೆಯುವ ನುಡಿಯಿಂದಾಗದ ಕಾರ್ಯವು ಹತ್ತಿರ ಕರೆಯುವ ನುಡಿಯಿಂದಾಯಿತು.

ಇಷ್ಟು ಪಾಠವನ್ನು ಕಲಿತಿದ್ದ ದೇಶವು 2020ರಲ್ಲಿ ಕೊರೊನಾ ಬಂದಾಗ ಅದನ್ನು ಮರೆಯಿತು. ಮೊದಲನೆಯದಾಗಿ, ಎಲ್ಲರ ಬಾಯಲ್ಲಿಯೂ 'ಸಾಮಾಜಿಕ ಅಂತರ' ಎಂಬ ಮಾತು ಬಂದಿತು. ಬೇಕಾಗಿದ್ದುದು ಮೈಗಳ ನಡುವಿನ ಅಂತರ. ಆದರೆ ಶತಮಾನಗಳಿಂದ ಕುಲದ ಹೆಸರಿನಲ್ಲಿ ಸಾಮಾಜಿಕ ಅಂತರವನ್ನೇ ಉಂಡ ನೆಲದಲ್ಲಿ ಆ ಮಾತಿಗೆ ಬೇರೆಯೇ ವಾಸನೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಆ ಮಾರ್ಚಿನಲ್ಲಿಯೇ 'ದೈಹಿಕ ಅಂತರ' ಎಂಬ ಪದವನ್ನು ಬಳಸತೊಡಗಿತು. ಒಂದು ಪದದ ಬದಲಾವಣೆಯಿಂದ ಏನಾದೀತು ಎನ್ನುವವರು, ಕೈಕುಲುಕದೆ ನಿಂತ ನೆರೆಯವನಿಗೂ ಮನೆಯ ಬಾಗಿಲು ಮುಚ್ಚಿದ ನೆರೆಯವನಿಗೂ ಇರುವ ವ್ಯತ್ಯಾಸವನ್ನು ಯೋಚಿಸಬೇಕು.

ಎರಡನೆಯದಾಗಿ, ದೆಹಲಿಯ ನಿಜಾಮುದ್ದೀನಿನಲ್ಲಿ ನಡೆದ ತಬ್ಲೀಗಿ ಸಮಾವೇಶದಲ್ಲಿದ್ದವರಲ್ಲಿ ಸೋಂಕು ಕಾಣಿಸಿಕೊಂಡಾಗ ಅವರ ಲೆಕ್ಕವನ್ನು ದಿನದಿನವೂ ಬೇರೆಯಾಗಿ ಹೇಳಲಾಯಿತು. ಸಮಾವೇಶವೊಂದರಿಂದ ಸೋಂಕು ಹರಡಿದ್ದು ಸಂಗತಿ. ಅದನ್ನು ಹೇಳುವುದು ಅಗತ್ಯವೂ ಹೌದು. ಆದರೆ 'ಸಮಾವೇಶಕ್ಕೆ ಹೋದವರು' ಎಂಬುದು ಕೆಲವೇ ದಿನಗಳಲ್ಲಿ ಜನರ ಬಾಯಲ್ಲಿ 'ಆ ಮತದವರು' ಎಂದಾಯಿತು. ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರಿ ಹೊಟ್ಟೆ ಹೊರೆಯುವವರನ್ನು ಹೆಸರು ಕೇಳಿ ಬೀದಿಯಿಂದ ಹೊರಗೆ ಕಳುಹಿಸಿದ ಘಟನೆಗಳು ನಡೆದವು. ಯಾವ ಸಮುದಾಯಕ್ಕೂ ಪ್ರದೇಶಕ್ಕೂ ಸೋಂಕಿನ ಹಣೆಪಟ್ಟಿಯನ್ನು ಕಟ್ಟಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯವು ಆ ಏಪ್ರಿಲಿನಲ್ಲಿ ಸೂಚನೆಯನ್ನು ಹೊರಡಿಸಬೇಕಾಯಿತು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಆ ಸಮಾವೇಶಕ್ಕೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಗೊಳಿಸುತ್ತ, ಅವರನ್ನು ಬಲಿಪಶುಗಳನ್ನಾಗಿ ಆರಿಸಿಕೊಂಡಂತೆ ತೋರುತ್ತದೆಂದು ಹೇಳಿತು. ಕಾಯಕದಿಂದ ಬದುಕುವವನ ತಕ್ಕಡಿಯನ್ನು ಬೀದಿಗೆಸೆದವರಿಗೆ ಸೋಂಕು ತಗುಲುವುದೇನೂ ತಪ್ಪಲಿಲ್ಲ. ತಪ್ಪಿದ್ದು ಅವನ ಅಂದಿನ ಅನ್ನ.

ಮೂರನೆಯದಾಗಿ, 2021ರ ಮೇ ತಿಂಗಳಲ್ಲಿ ಲಸಿಕೆಗೆ ಬರದವರನ್ನೆಲ್ಲ 'ಹಿಂಜರಿಯುವವರು' ಎಂದು ಒಂದೇ ಹೆಸರಿನಿಂದ ಕರೆಯಲಾಯಿತು. ಆಗ 18ರಿಂದ 44 ವರ್ಷದವರು ಲಸಿಕೆಗೆ ಮೊದಲು ಅಂತರಜಾಲದಲ್ಲಿ ನೋಂದಾಯಿಸಬೇಕಾಗಿತ್ತು. ಸ್ಮಾರ್ಟ್‌ಫೋನ್ ಇಲ್ಲದ ಕೂಲಿಯವನಿಗೆ ಅದು ಹೇಗೆ ಸಾಧ್ಯ? ಈ ಏರ್ಪಾಡಿನಿಂದ ಬಡವರು ಹೊರಗುಳಿಯುವರೆಂಬ ಆತಂಕವನ್ನು ಸುಪ್ರೀಂ ಕೋರ್ಟ್ ಆ ತಿಂಗಳ ಕೊನೆಯ ಆದೇಶದಲ್ಲಿ ಎತ್ತಿ ಹೇಳಿತು. ಬಾಗಿಲನ್ನು ಅರ್ಧ ಮುಚ್ಚಿ, ಒಳಗೆ ಬರದವನನ್ನು ಮನಸ್ಸಿಲ್ಲದವನೆಂದು ಕರೆಯುವುದು ನ್ಯಾಯವಲ್ಲ. 'ಬರಲೊಲ್ಲದವರು' ಎಂಬ ಚೌಕಟ್ಟು 'ಬರಲಾಗದವರನ್ನು' ಮರೆಮಾಡಿತು.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಲಸಿಕೆ ಬೇಕಾದವರಿಗೆಲ್ಲ ದೊರೆತ ಮೇಲೂ ಹಾಕಿಸಿಕೊಳ್ಳದವರನ್ನು ಹೇಗೆ ಕಾಣಬೇಕು? ಅವರನ್ನು ಬಸ್ಸು, ಹೋಟೆಲು, ಕೆಲಸಗಳಿಂದ ಹೊರಗಿಟ್ಟರೆ ಅದು ರಕ್ಷಣೆಯೋ ಭೇದಭಾವವೋ? ಒಂದು ಪಕ್ಷದವರು ಇದನ್ನು ಅಸ್ಪೃಶ್ಯತೆಗೆ ಹೋಲಿಸಿದರು. ಇನ್ನೊಂದು ಪಕ್ಷದವರು ಹಾಕಿಸಿಕೊಳ್ಳದವರನ್ನು ಕೊಲೆಗಾರರಿಗೆ ಹೋಲಿಸಿದರು. ಎರಡೂ ಹೋಲಿಕೆಗಳು ಸಲ್ಲವು.

ಅಸ್ಪೃಶ್ಯತೆಯು ಹುಟ್ಟಿನಿಂದ ಬಂದದ್ದು. ಅದಕ್ಕೆ ಗುರಿಯಾದವನು ಏನು ಮಾಡಿದರೂ ಅದನ್ನು ಕಳಚಿಕೊಳ್ಳಲು ಬಿಡುತ್ತಿರಲಿಲ್ಲ. ಅದರಿಂದ ಯಾರ ಪ್ರಾಣವೂ ಉಳಿಯುತ್ತಿರಲಿಲ್ಲ. ಲಸಿಕೆಯ ನಿಯಮವು ಹುಟ್ಟನ್ನು ಕೇಳುವುದಿಲ್ಲ. ಅದರ ಗುರಿ ಇತರರ ಪ್ರಾಣ. ಅದು ಕಾಲಕ್ಕೆ ತಕ್ಕಂತೆ ಬಂದು ಹೋಗುವಂಥದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಊರ ಹೊರಗೆ ತಲೆಮಾರುಗಳನ್ನು ಕಳೆದವರ ನೋವು ಹಗುರವಾಗುತ್ತದೆ. ಆದರೆ ನಿಯಮ ಭೇದಭಾವವಲ್ಲವೆಂದ ಮಾತ್ರಕ್ಕೆ ನಿಯಮದ ನೆಪದಲ್ಲಿ ಹುಟ್ಟುವ ತಿರಸ್ಕಾರವೂ ನಿರ್ದೋಷವೆಂದಾಗದು. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ, 21 ದೇಶಗಳಲ್ಲಿ ನಡೆದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿದೆ. ಲಸಿಕೆ ಹಾಕಿಸಿಕೊಂಡವರಲ್ಲಿ ಹಾಕಿಸಿಕೊಳ್ಳದವರ ಮೇಲೆ, ಬಹುತೇಕ ದೇಶಗಳಲ್ಲಿ, ತೀವ್ರವಾದ ಅಸಹನೆ ಕಂಡುಬಂದಿತು. ತಿರುಗಿ ನೋಡಿದರೆ ಹಾಕಿಸಿಕೊಳ್ಳದವರಲ್ಲಿ ಹಾಕಿಸಿಕೊಂಡವರ ಮೇಲೆ ಅಂಥ ಅಸಹನೆ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಸರಿಯಾದ ಕೆಲಸವನ್ನು ಮಾಡಿದವರಲ್ಲಿಯೇ ತಿರಸ್ಕಾರ ಹೆಚ್ಚಾಗಿತ್ತೆಂಬುದು ಧರ್ಮವನ್ನು ನಂಬಿದವರು ನಿಂತು ಯೋಚಿಸಬೇಕಾದ ಮಾತು. ಒಳ್ಳೆಯದನ್ನು ಮಾಡಿದೆನೆಂಬ ಅಹಂಕಾರವು ಭಕ್ತನನ್ನೂ ಬಿಡುವುದಿಲ್ಲ.

ಭಾರತದ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಕೊಟ್ಟ ತೀರ್ಪು ಈ ವಿಷಯದಲ್ಲಿ ಸಮತೋಲವಾಗಿದೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹದ ಮೇಲಿನ ಅಧಿಕಾರವು ಸಂವಿಧಾನದ 21ನೆಯ ವಿಧಿಯ ರಕ್ಷಣೆಯಲ್ಲಿದೆ ಎಂದು ಅದು ಹೇಳಿತು. ಅದರೊಡನೆಯೇ ಸರ್ಕಾರದ ಲಸಿಕಾ ನೀತಿಯು ಅವಿವೇಕದ್ದಲ್ಲವೆಂದೂ, ಸಮುದಾಯದ ಆರೋಗ್ಯಕ್ಕಾಗಿ ವ್ಯಕ್ತಿಯ ಹಕ್ಕುಗಳ ಮೇಲೆ ತಕ್ಕಷ್ಟೇ ಮಿತಿಯನ್ನು ಹೇರಬಹುದೆಂದೂ ಹೇಳಿತು. ಅಂದಿನ ಪರಿಸ್ಥಿತಿಯಲ್ಲಿ ಹಾಕಿಸಿಕೊಳ್ಳದವರ ಮೇಲಿದ್ದ ನಿರ್ಬಂಧಗಳು ತಕ್ಕಷ್ಟನ್ನು ಮೀರಿವೆಯೆಂದು ಎಣಿಸಿ ಅವುಗಳ ಮರುಪರಿಶೀಲನೆಯನ್ನು ಸೂಚಿಸಿತು. ಆದರೆ ತೀರ್ಪು ಬಂದ ದಿನವೇ ಒಬ್ಬರು 'ಲಸಿಕೆಗೆ ನ್ಯಾಯಾಲಯದ ತಡೆ' ಎಂದೂ ಇನ್ನೊಬ್ಬರು 'ಲಸಿಕೆಗೆ ನ್ಯಾಯಾಲಯದ ಸಮ್ಮತಿ' ಎಂದೂ ತಮಗೆ ಬೇಕಾದಷ್ಟನ್ನು ಕತ್ತರಿಸಿ ಹೇಳಬಹುದಾಗಿತ್ತು. ಪೂರ್ತಿಯಾಗಿ ಓದಿದವನಿಗೆ ಮಾತ್ರ ಅದರ ನ್ಯಾಯ ಕಾಣುತ್ತದೆ.

ಕಲ್ಯಾಣದ ಶರಣರು ಚೌಕಟ್ಟನ್ನು ಬದಲಿಸುವ ಬಗೆಯನ್ನು ಬಲ್ಲವರಾಗಿದ್ದರು. ಮಾದಾರ, ಡೋಹರ, ಅಂಬಿಗ ಎಂಬ ಹೆಸರುಗಳಿಂದ ಲೋಕವು ಜನರನ್ನು ಕೆಳಗೆ ತಳ್ಳುತ್ತಿದ್ದಾಗ, ಶರಣರು ಆ ಹೆಸರುಗಳನ್ನು ಅಳಿಸಲಿಲ್ಲ, ಮರೆಮಾಚಲೂ ಇಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂದು ಅವನ್ನೇ ಗೌರವದ ಹೆಸರುಗಳನ್ನಾಗಿ ಮಾಡಿದರು. ಸಂಗತಿ ಅದೇ, ಕಾಯಕ ಅದೇ, ಹೆಸರೂ ಅದೇ. ಅದನ್ನು ಉಚ್ಚರಿಸುವವರ ಮನಸ್ಸು ಬದಲಾಗಿತ್ತು. ಆ ಬದಲಾವಣೆಗೆ ಅವರು ಸುಳ್ಳನ್ನು ಆಶ್ರಯಿಸಲಿಲ್ಲ. ಒಟ್ಟಿಗೆ ಕುಳಿತರು, ಒಟ್ಟಿಗೆ ಉಂಡರು. ನುಡಿಯ ಹಿಂದೆ ನಡೆ ಇದ್ದುದರಿಂದಲೇ ಎಂಟು ಶತಮಾನಗಳಾದರೂ ಆ ಹೆಸರುಗಳು ಮಾಸಲಿಲ್ಲ.

ಬೇನೆಗಳು ಮುಂದೆಯೂ ಬರುತ್ತವೆ, ಹೊಸ ಲಸಿಕೆಗಳೂ ಬರುತ್ತವೆ. ಅವುಗಳ ಜೊತೆಗೆ ಮಾತುಗಳು ಬೇನೆಗಿಂತ ವೇಗವಾಗಿ ಬರುತ್ತವೆ. ಅಂಥ ಮಾತೊಂದು ಕೈಗೆ ಬಂದಾಗ ಅದನ್ನು ಮುಂದಕ್ಕೆ ದಾಟಿಸುವ ಮೊದಲು ಭಕ್ತನಾದವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇಷ್ಟು ಜನರಿಗೆ ಹೀಗಾಯಿತೆಂದರೆ, ಒಟ್ಟು ಎಷ್ಟು ಜನರಲ್ಲಿ? ಇದರಲ್ಲಿ ಒಂದು ಕುಲದ ಅಥವಾ ಮತದ ಹೆಸರಿದ್ದರೆ, ಆ ಹೆಸರಿಲ್ಲದೆ ಸಂಗತಿಯನ್ನು ಹೇಳಲಾಗದೇ? ಈ ಮಾತು ಯಾರನ್ನು ಕುರಿತದ್ದೋ ಅವರನ್ನು ಎದುರಿಗೆ ಕೂರಿಸಿಕೊಂಡು ಇದನ್ನೇ ಹೇಳಲು ನಾಲಿಗೆ ಏಳುತ್ತದೆಯೇ? ಮೂರನೆಯ ಪ್ರಶ್ನೆಗೆ ಮನಸ್ಸು ಅಳುಕಿದರೆ ಆ ಮಾತು ಅಲ್ಲಿಯೇ ನಿಲ್ಲಲಿ.

ಲಸಿಕೆಗೆ ಅಂಜಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತ ತಾಯಿಯು ವೈರಿಯಲ್ಲ. ಅವಳಿಗೆ ಬೇಕಾದದ್ದು ಬೈಗುಳವೂ ಅಲ್ಲ, ಹೊಸೆದ ಶಾಸ್ತ್ರವೂ ಅಲ್ಲ. ಅವಳ ಅಂಜಿಕೆಯನ್ನು ಕೇಳಿಸಿಕೊಂಡು, ಲೆಕ್ಕವನ್ನು ಪೂರ್ತಿಯಾಗಿ ಹೇಳಿ, ತನ್ನ ಮಗುವಿನ ತೋಳನ್ನು ಮೊದಲು ತೋರಿಸುವ ನೆರೆಯವರೊಬ್ಬರು ಬೇಕು. ಎರಡು ಶತಮಾನಗಳ ಹಿಂದೆ ಮೈಸೂರಿನ ಅರಮನೆಯ ಹೆಣ್ಣುಮಗಳೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿದ್ದು ನಿಜವಾದರೆ, ಆ ಕಾರ್ಯಕ್ಕೆ ಅರಮನೆಯೇ ಬೇಕೆಂದಿಲ್ಲ. ಯಾವ ಮನೆಯ ಅಂಗಳವಾದರೂ ಸಾಕು.